ಹಣೆಯ ಮೇಲಿನ ಕೆಂಪು ಮಚ್ಚೆ: ಮೊದಲು ಕಣ್ಣು ತೋರಿಸಿ

ಪ್ರಶ್ನೆ: ನಮ್ಮ ಮಗಳಿಗೆ ಈಗ ನಾಲ್ಕು ತಿಂಗಳು. ಹುಟ್ಟಿದಾಗಲೇ ಮುಖದ ಬಲಗಡೆ ಕೆಂಪು ಮಚ್ಚೆ ಇತ್ತು. ಹಣೆಯಿಂದ ಶುರುವಾಗಿ, ಮೇಲಿನ ರೆಪ್ಪೆ ದಾಟಿ, ಕೆನ್ನೆಯವರೆಗೆ ಹರಡಿದೆ. ಅತ್ತರೆ ಇನ್ನೂ ಗಾಢವಾಗುತ್ತದೆ. ಹೆರಿಗೆಯಾದಲ್ಲಿ ‘ಬರೀ ಮಚ್ಚೆ, ದೊಡ್ಡವಳಾದಂತೆ ಹೋಗುತ್ತೆ’ ಅಂದರು. ಇನ್ನೊಬ್ಬ ಡಾಕ್ಟರ್ ‘ಸ್ಟರ್ಜ್-ವೆಬರ್ ಇರಬಹುದು, ನೋಡೋಣ’ ಅಂತಷ್ಟೇ ಹೇಳಿದರು. ಮನೆಗೆ ಬಂದು ಇಂಟರ್ನೆಟ್‌ನಲ್ಲಿ ಹುಡುಕಿದೆ. ಫಿಟ್ಸ್, ಪಾರ್ಶ್ವವಾಯು, ಕುರುಡು ಅಂತೆಲ್ಲ ಓದಿ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಗಳು ಚೆನ್ನಾಗಿ ಹಾಲು ಕುಡಿಯುತ್ತಾಳೆ, ನಗುತ್ತಾಳೆ. ಒಂದು ತಿಂಗಳಿದ್ದಾಗ ಕಣ್ಣು ತೋರಿಸಿದ್ದೆವು, ಸರಿಯಿದೆ ಅಂದರು. ಈಗಲೇ ಎಂಆರ್‌ಐ ಮಾಡಿಸಬೇಕೇ? ಲೇಸರ್ ಮಾಡಿಸಿದರೆ ರಕ್ತ ಮೆದುಳಿಗೆ ನುಗ್ಗುತ್ತದೆ ಅನ್ನುತ್ತಾರೆ, ನಿಜವೇ? ಮುಂದಿನ ಮಗುವಿಗೂ ಬರಬಹುದೇ? ಗರ್ಭಿಣಿಯಾಗಿದ್ದಾಗ ನನ್ನ ಹೆಂಡತಿ ಒಮ್ಮೆ ಬೆಂಕಿ ಹೊತ್ತಿದ್ದನ್ನು ನೋಡಿ ಬೆಚ್ಚಿಬಿದ್ದಿದ್ದಳು. ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಮಾತು. ಅವಳು ದಿನಾ ಅಳುತ್ತಾಳೆ. ಈಗ ಫೋಟೋ ತೆಗೆದರೂ ಮಗಳ ಎಡಗಡೆಯಿಂದ ಮಾತ್ರ ತೆಗೆಯುತ್ತೇವೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇವೆ. ಆದರೆ ನನ್ನ ಕಣ್ಣು ಹೋಗಿ ನಿಂತಿದ್ದು ನೀವು ಪ್ರಶ್ನೆಯನ್ನೇ ಕೇಳದ ಒಂದು ಸಾಲಿನ ಮೇಲೆ. ‘ಒಂದು ತಿಂಗಳಿದ್ದಾಗ ಕಣ್ಣು ತೋರಿಸಿದ್ದೆವು, ಸರಿಯಿದೆ ಅಂದರು.’ ಅದು ಮೂರು ತಿಂಗಳ ಹಿಂದಿನ ಮಾತು. ಈ ಉತ್ತರ ಓದಿ ಮುಗಿಸಿದ ಮೇಲೆ ನೀವು ಮೊದಲು ಮಾಡಬೇಕಾದ ಕೆಲಸ ಎಂಆರ್‌ಐ ಅಲ್ಲ, ಲೇಸರ್ ಕೂಡ ಅಲ್ಲ. ಮಕ್ಕಳ ಕಣ್ಣಿನ ಡಾಕ್ಟರ ಹತ್ತಿರ ಇನ್ನೊಂದು ಸಲ ಹೋಗುವುದು. ನಾನು ಮಕ್ಕಳ ನರರೋಗ ವೈದ್ಯ. ಮೆದುಳೇ ನನ್ನ ಕೆಲಸ. ಆದರೂ ಇದನ್ನೇ ಮೊದಲು ಹೇಳುತ್ತಿದ್ದೇನೆ. ಯಾಕೆ ಅಂತ ಮುಂದೆ ಬರುತ್ತದೆ.

ಮೊದಲು ಆ ಬೆಂಕಿಯ ವಿಷಯ ಮುಗಿಸಿಬಿಡೋಣ. ಹುಟ್ಟುಮಚ್ಚೆಗೆ ತಾಯಿಯನ್ನು ದೂರುವುದು ಜಗತ್ತಿನ ತುಂಬ ಇರುವ ಹಳೇ ಚಾಳಿ. ಇಟಾಲಿಯನ್ ಭಾಷೆಯಲ್ಲಿ ಇಂಥ ಮಚ್ಚೆಗೆ ‘ವೋಲ್ಯಾ’ ಅನ್ನುತ್ತಾರೆ, ಸ್ಪ್ಯಾನಿಷ್‌ನಲ್ಲಿ ‘ಆಂತೋಹೋ’. ಎರಡಕ್ಕೂ ಬಯಕೆ ಎಂದೇ ಅರ್ಥ. ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಮೈಮೇಲೆ ಗುರುತು ಬೀಳುತ್ತದೆ ಎಂಬ ನಂಬಿಕೆ. ಜರ್ಮನ್‌ನಲ್ಲಂತೂ ನೇರವಾಗಿ ‘ತಾಯಿಯ ಗುರುತು’ ಅಂತಲೇ ಹೆಸರು. ಇಷ್ಟು ದೇಶಗಳು, ಇಷ್ಟು ಭಾಷೆಗಳು ಸೇರಿ ತಪ್ಪನ್ನು ಒಬ್ಬಳ ತಲೆಗೆ ಕಟ್ಟಿವೆ. ನಿಜವಾದ ಕಾರಣ ಗೊತ್ತಾಗಿದ್ದು 2013ರಲ್ಲಿ. ಅದು ಹೆದರಿಕೆ ಅಲ್ಲ, ಊಟವಲ್ಲ, ಔಷಧಿಯಲ್ಲ. ಗರ್ಭ ನಿಂತ ಮೊದಲ ಕೆಲವು ವಾರಗಳಲ್ಲಿ, ಭ್ರೂಣದ ಒಂದೇ ಒಂದು ಜೀವಕೋಶದಲ್ಲಿ, ಜಿಎನ್‌ಎಕ್ಯೂ ಎಂಬ ಜೀನಿನ ಒಂದು ಅಕ್ಷರ ತಪ್ಪಾಗಿ ನಕಲಾಗಿದೆ. ಅಷ್ಟೇ. ಎಷ್ಟೋ ಸಲ ಬಸುರಿ ಎಂದು ತಾಯಿಗೇ ಖಾತ್ರಿಯಾಗಿರದ ಸಮಯ ಅದು. ನಿಮ್ಮ ಹೆಂಡತಿ ಬೆಂಕಿ ನೋಡಿದ್ದು ಎಷ್ಟನೇ ತಿಂಗಳಲ್ಲಾದರೂ ಇರಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಪ್ಯಾರಾ ಒಂದನ್ನಾದರೂ ಮನೆಯವರೆಲ್ಲರ ಮುಂದೆ ಜೋರಾಗಿ ಓದಿ.

ಆ ತಪ್ಪು ಏನು ಮಾಡುತ್ತದೆ? ಜಿಎನ್‌ಎಕ್ಯೂ ಮಾಡುವ ಪ್ರೋಟೀನು ಒಂದು ಸ್ವಿಚ್ಚಿನ ಹಾಗೆ. ಬೇಕಾದಾಗ ಹಾಕಿ, ಕೆಲಸ ಮುಗಿದ ಮೇಲೆ ಆರಿಸಬೇಕು. ಈ ತಪ್ಪಿರುವ ಜೀವಕೋಶಗಳಲ್ಲಿ ಸ್ವಿಚ್ಚು ಸರಿಯಾಗಿ ಆರುವುದೇ ಇಲ್ಲ. ಅದರಿಂದ ಹುಟ್ಟುವ ಸಣ್ಣ ರಕ್ತನಾಳಗಳು ಸಡಿಲವಾಗಿ, ಹಿಗ್ಗಿಕೊಂಡೇ ಇರುತ್ತವೆ. ಅವುಗಳಲ್ಲಿ ನಿಲ್ಲುವ ರಕ್ತವೇ ನಿಮಗೆ ಚರ್ಮದ ಮೇಲೆ ಕೆಂಪಾಗಿ ಕಾಣುವುದು. ಮಗು ಅತ್ತಾಗ ಮುಖಕ್ಕೆ ರಕ್ತ ನುಗ್ಗುತ್ತದೆ, ಮಚ್ಚೆ ಗಾಢವಾಗುತ್ತದೆ. ಅದು ರೋಗ ಹೆಚ್ಚಾದ ಲಕ್ಷಣವಲ್ಲ. ಇಂಥ ಮಚ್ಚೆಗೆ ಪೋರ್ಟ್-ವೈನ್ ಸ್ಟೇನ್ ಎಂದು ಹೆಸರು, ಬಣ್ಣ ನೋಡಿ ಇಟ್ಟದ್ದು.

ಈಗ ಮಚ್ಚೆಗೂ ಮೆದುಳಿಗೂ ಏನು ನಂಟು ಎನ್ನುವುದಕ್ಕೆ ಬರೋಣ. ಭ್ರೂಣ ಇನ್ನೂ ಬೆರಳಿನ ಗೆಣ್ಣಿನಷ್ಟೂ ಇಲ್ಲದ ಹೊತ್ತಿನಲ್ಲಿ ಮುಂದೆ ಹಣೆಯ ಚರ್ಮವಾಗುವ ಜಾಗ, ಕಣ್ಣಾಗುವ ಜಾಗ, ಮೆದುಳಿನ ಹಿಂಭಾಗವಾಗುವ ಜಾಗ ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಆಮೇಲೆ ಮೆದುಳು ಬೆಳೆದು ಹಿಂದಕ್ಕೆ ಸರಿಯುತ್ತದೆ, ಅಕ್ಕಪಕ್ಕದವರು ದೂರವಾಗುತ್ತಾರೆ. ತಪ್ಪು ನಕಲಾದ ಜೀವಕೋಶದ ಸಂತಾನ ದೂರವಾಗುವ ಮೊದಲೇ ಮೂರೂ ಕಡೆ ಹರಡಿದ್ದರೆ ಮೂರೂ ಕಡೆ ಸಡಿಲ ರಕ್ತನಾಳಗಳಾಗುತ್ತವೆ. ಹೀಗೆ ಮಚ್ಚೆಯ ಜೊತೆ ಕಣ್ಣು, ಮೆದುಳೂ ಸೇರುವುದೇ ಸ್ಟರ್ಜ್-ವೆಬರ್ ಸಿಂಡ್ರೋಮ್. ಬೇರೆಯಾದ ಮೇಲೆ ತಪ್ಪು ನಡೆದಿದ್ದರೆ ಬರೀ ಚರ್ಮದಲ್ಲಿ ಉಳಿಯುತ್ತದೆ. ಒಂದೇ ತಪ್ಪು, ಆದರೆ ಯಾವಾಗ ಆಯಿತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿಯೇ ಬರೀ ಮಚ್ಚೆ ಇರುವವರ ಚರ್ಮದಲ್ಲೂ, ಸಿಂಡ್ರೋಮ್ ಇರುವವರ ಚರ್ಮದಲ್ಲೂ ಸಿಕ್ಕಿದ್ದು ಅದೇ ತಪ್ಪು, ಎರಡೂ ಗುಂಪಿನಲ್ಲಿ ಹತ್ತಿರ ಹತ್ತಿರ 10ರಲ್ಲಿ 9 ಜನರಿಗೆ.

ಚರ್ಮದ ಗುರುತಿನಿಂದ ಒಳಗಿನದನ್ನು ಊಹಿಸಿದ ಮೊದಲಿಗರಲ್ಲಿ ಒಬ್ಬರು ವಿಲಿಯಂ ಸ್ಟರ್ಜ್ ಎಂಬ ಇಂಗ್ಲಿಷ್ ವೈದ್ಯರು, 1879ರಲ್ಲಿ. ಮುಖದ ಒಂದು ಕಡೆ ಮಚ್ಚೆ, ಅದೇ ಕಡೆಯ ಕಣ್ಣು ದೊಡ್ಡದು, ಫಿಟ್ಸ್ ಮಾತ್ರ ಮೈಯ ಇನ್ನೊಂದು ಕಡೆ. ಇಂಥ ಒಬ್ಬ ಹುಡುಗಿಯನ್ನು ನೋಡಿ ಅವರು, ಮುಖದ ಮೇಲಿರುವಂಥದ್ದೇ ಮಚ್ಚೆ ಮೆದುಳಿನ ಮೇಲೂ ಇರಬೇಕು ಎಂದರು. ಸ್ಕ್ಯಾನ್ ಬಿಡಿ, ಎಕ್ಸ್‌ರೇ ಕೂಡ ಇರದ ಕಾಲ. ಪುರಾವೆ ಕೇಳಿದವರಿಗೆ ತೋರಿಸಲು ಏನೂ ಇರಲಿಲ್ಲ. 1922ರಲ್ಲಿ ಪಾರ್ಕ್ಸ್ ವೆಬರ್ ಎಂಬ ಇನ್ನೊಬ್ಬ ವೈದ್ಯರು ಇಂಥ ರೋಗಿಯೊಬ್ಬರ ಎಕ್ಸ್‌ರೇಯಲ್ಲಿ ಮೆದುಳಿನ ಬದಲಾವಣೆ ತೋರಿಸಿದರು. ಹೀಗೆ ಇಬ್ಬರ ಹೆಸರೂ ಸೇರಿತು.

ಹಾಗಾದರೆ ನಿಮ್ಮ ಮಗಳಿಗೆ ಇದೆಯೇ, ಇಲ್ಲವೇ? ಪತ್ರ ಓದಿ ಹೇಳುವುದು ಸಾಧ್ಯವಿಲ್ಲ. ಆದರೆ ಯೋಚನೆ ಮಾಡುವ ದಾರಿ ಹೇಳಬಲ್ಲೆ.

ಮೊದಲಿಗೆ, ಅದು ಯಾವ ಮಚ್ಚೆ? ಹುಟ್ಟಿದ ಕೂಸುಗಳ ಹಣೆಯ ನಡುಮಧ್ಯೆ, ರೆಪ್ಪೆಗಳ ಮೇಲೆ, ಕತ್ತಿನ ಹಿಂದೆ ತೆಳು ಗುಲಾಬಿ ಕಲೆ ಇರುವುದು ತೀರಾ ಸಾಮಾನ್ಯ. ಮುಖದ ಮೇಲಿನವು ಒಂದೆರಡು ವರ್ಷದಲ್ಲಿ ಮಾಯವಾಗುತ್ತವೆ. ‘ದೊಡ್ಡವಳಾದಂತೆ ಹೋಗುತ್ತೆ’ ಅಂದವರ ತಲೆಯಲ್ಲಿ ಇದು ಇದ್ದಿರಬೇಕು. ಇನ್ನೊಂದು, ಸ್ಟ್ರಾಬೆರಿ ಹಾಗೆ ಉಬ್ಬಿ ಬರುವ ಹೆಮಾಂಜಿಯೋಮಾ. ಅದು ಹುಟ್ಟುವಾಗ ಇರುವುದೇ ಇಲ್ಲ, ಇದ್ದರೂ ಕಂಡೂ ಕಾಣದಷ್ಟು. ಕೆಲವು ವಾರ ಕಳೆದ ಮೇಲೆ ಭರಭರನೆ ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಪ್ರೊಪ್ರನಲಾಲ್ ಎಂಬ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಪೋರ್ಟ್-ವೈನ್ ಮಚ್ಚೆಗೆ ಮಾಡುವುದಿಲ್ಲ. ಹೆಸರುಗಳು ಕಲಸಿಕೊಂಡು ಯಾರೋ ಆ ಔಷಧಿ ಶುರುಮಾಡಿದ್ದನ್ನು ನಾನು ನೋಡಿದ್ದೇನೆ, ಅದಕ್ಕೇ ಹೇಳಿದೆ. ನಿಮ್ಮ ವಿವರಣೆ ನೋಡಿದರೆ ಹುಟ್ಟಿನಿಂದಲೇ ಇದೆ, ಒಂದೇ ಕಡೆ ಇದೆ, ಹಣೆಯಿಂದ ಕೆನ್ನೆಯವರೆಗೆ ಹರಡಿದೆ. ಇದು ಪೋರ್ಟ್-ವೈನ್ ಮಚ್ಚೆಯೇ ಇರಬೇಕು. ಅದು ತಾನಾಗಿ ಹೋಗುವುದಿಲ್ಲ. ಮಗು ಬೆಳೆದಂತೆ ಅದೂ ಬೆಳೆಯುತ್ತದೆ.

ಇಂಥ ಮಚ್ಚೆ ಸುಮಾರು 1000 ಮಕ್ಕಳಲ್ಲಿ 3 ಮಕ್ಕಳಿಗೆ ಇರುತ್ತದೆ. ಸ್ಟರ್ಜ್-ವೆಬರ್ ಇರುವುದು 20,000ದಿಂದ 50,000 ಮಕ್ಕಳಲ್ಲಿ ಒಬ್ಬರಿಗೆ. ಎರಡರ ನಡುವಿನ ಅಂತರ ನೋಡಿ. ಮಚ್ಚೆ ಇರುವವರಲ್ಲಿ ಹೆಚ್ಚಿನವರಿಗೆ ಸಿಂಡ್ರೋಮ್ ಇಲ್ಲ. ಮಚ್ಚೆ ಬರೀ ಕೆನ್ನೆಯ ಮೇಲೆ, ಗದ್ದದ ಮೇಲೆ ಅಥವಾ ಕೈಕಾಲಿನ ಮೇಲೆ ಇದ್ದರೆ ಈ ಯೋಚನೆಯೇ ಬಹುಮಟ್ಟಿಗೆ ಬೇಡ. ಆದರೆ ಹಣೆ ಬೇರೆ. ಹಣೆ, ಮೇಲಿನ ರೆಪ್ಪೆ, ಅರ್ಧ ಮುಖ ಪೂರ್ತಿ: ಇಂಥ ಕಡೆ ಇದ್ದರೆ ಸಾಧ್ಯತೆ 100ಕ್ಕೆ 15ರಿಂದ 50ರವರೆಗೆ ಏರುತ್ತದೆ. ಹಣೆಯ ಒಂದು ಚೂರಿನಲ್ಲಿದ್ದರೆ ಕೆಳಗಿನ ಅಂಕಿ, ಜಾಸ್ತಿ ಹರಡಿದಷ್ಟೂ, ಎರಡೂ ಕಡೆ ಇದ್ದರೆ ಇನ್ನೂ, ಮೇಲಿನ ಅಂಕಿ. ನಿಮ್ಮ ಮಗಳು ಎಚ್ಚರದಿಂದ ನೋಡಿಕೊಳ್ಳಬೇಕಾದ ಗುಂಪಿನಲ್ಲಿದ್ದಾಳೆ. ಹಾಗಂತ ರೋಗ ಇದೆ ಅಂತಲ್ಲ. ಸೋವಿಯತ್ ನಾಯಕ ಗೋರ್ಬಚೆವ್ ಅವರ ನೆತ್ತಿಯ ಮುಂದೆ ಇದ್ದ ಕೆಂಪು ಮಚ್ಚೆಯನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿದೆ. ಅವರು 91 ವರ್ಷ ಬಾಳಿದರು.

ಇನ್ನು ಕಣ್ಣು.

ಮಚ್ಚೆ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಮನೆಯವರ ಚಿಂತೆಯೆಲ್ಲ ಚರ್ಮದ ಮೇಲೆ. ಇಂಟರ್ನೆಟ್ಟಿನ ಚಿಂತೆಯೆಲ್ಲ ಮೆದುಳಿನ ಮೇಲೆ. ಇವೆರಡರ ನಡುವೆ ಸದ್ದಿಲ್ಲದೆ ಕೆಡುವುದು ಕಣ್ಣು. ಸ್ಟರ್ಜ್-ವೆಬರ್ ಇರುವವರಲ್ಲಿ 100ಕ್ಕೆ 30ರಿಂದ 70 ಜನರಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ಒಳಗಿನ ಒತ್ತಡ ಏರುವ ತೊಂದರೆ ಬರುತ್ತದೆ. ಮೆದುಳಿನಲ್ಲಿ ಏನೂ ಇಲ್ಲದೆ, ರೆಪ್ಪೆಯ ಮೇಲೆ ಮಚ್ಚೆ ಇದೆ ಎನ್ನುವಷ್ಟಕ್ಕೇ ಬರುವುದೂ ಉಂಟು. ಕೆಲವರಿಗೆ ಹುಟ್ಟುವಾಗಲೇ ಕಣ್ಣಿನ ಒಳಗಿನ ನೀರು ಹೊರಹೋಗುವ ದಾರಿ ಸರಿಯಾಗಿ ಬೆಳೆದಿರುವುದಿಲ್ಲ. ಅವರಿಗೆ ಮೊದಲ ವರ್ಷದೊಳಗೇ ಒತ್ತಡ ಏರುತ್ತದೆ. ಇನ್ನು ಕೆಲವರಿಗೆ ಕಣ್ಣಿನ ಸುತ್ತಲಿನ ಸಡಿಲ ರಕ್ತನಾಳಗಳಲ್ಲಿ ರಕ್ತ ಕಟ್ಟಿ, ಶಾಲೆಗೆ ಹೋಗುವ ವಯಸ್ಸಿನಲ್ಲೋ ಇಪ್ಪತ್ತರ ಆಚೆಗೋ ಏರುತ್ತದೆ. ಒಂದು ಸಲ ‘ಸರಿಯಿದೆ’ ಅಂದರೆ ಆ ದಿನಕ್ಕೆ ಸರಿಯಿದೆ ಅಂತಷ್ಟೇ ಅರ್ಥ. ಒತ್ತಡದಿಂದ ಕಣ್ಣಿನ ನರಕ್ಕೆ ಆದ ಹಾನಿ ವಾಪಸ್ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಹಿಡಿದರೆ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಸಬಹುದು.

ಮನೆಯಲ್ಲಿ ಏನು ಗಮನಿಸಬೇಕು? ಎರಡೂ ಕಣ್ಣು ತೆರೆದಿರುವಾಗ ಎದುರಿನಿಂದ ನೋಡಿ. ಕಪ್ಪು ಗುಡ್ಡೆ ಒಂದು ಕಡೆ ದೊಡ್ಡದಾಗಿ ಕಾಣುತ್ತಿದೆಯೇ? ಹಸುಳೆಯ ಕಣ್ಣಿನ ಕಪ್ಪು ಭಾಗದ ಅಗಲ ಹುಟ್ಟುವಾಗ ಸುಮಾರು 10 ಮಿಲಿಮೀಟರ್. ಒಂದು ವರ್ಷದೊಳಗೆ 12 ದಾಟಿದರೆ ನಾವು ಅನುಮಾನ ಪಡುತ್ತೇವೆ. ಮಕ್ಕಳ ಕಣ್ಣು ಮೆತ್ತಗಿರುತ್ತದೆ, ಒಳಗಿನ ಒತ್ತಡಕ್ಕೆ ಬಲೂನಿನಂತೆ ಹಿಗ್ಗುತ್ತದೆ. ದುರಂತ ಅಂದರೆ, ನೋಡಿದವರೆಲ್ಲ ‘ಅಬ್ಬಾ, ಎಷ್ಟು ಚಂದದ ದೊಡ್ಡ ಕಣ್ಣು’ ಅನ್ನುತ್ತಾರೆ. ತಂದೆತಾಯಿಗೂ ಖುಷಿಯಾಗುತ್ತದೆ. ಜೊತೆಗೆ ಸುಮ್ನೆ ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು ಅಥವಾ ಕಣ್ಣು ಬಿಗಿಯಾಗಿ ಮುಚ್ಚುವುದು, ಗುಡ್ಡೆ ಮಸುಕಾಗುವುದು. ಇವುಗಳಲ್ಲಿ ಒಂದೇ ಒಂದು ಕಂಡರೂ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ದಿನ ಹೋಗಿ.

ಏನೂ ಕಾಣದಿದ್ದರೂ ಸಾಮಾನ್ಯವಾಗಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಮುಂದೆ ಜೀವನಪೂರ್ತಿ ವರ್ಷಕ್ಕೊಮ್ಮೆ ತೋರಿಸಬೇಕು. ನಿಮ್ಮ ಡಾಕ್ಟರ್ ಇನ್ನೂ ಬೇಗ ಬನ್ನಿ ಅಂದರೆ ಹಾಗೇ ಮಾಡಿ. ಒತ್ತಡ ಏರಿದ್ದರೆ ಮೊದಲು ಕಣ್ಣಿನ ಹನಿಗಳು, ಸಾಲದಿದ್ದರೆ ಆಪರೇಷನ್. ಹಸುಳೆಯಲ್ಲಿ ಹೆಚ್ಚಾಗಿ ಆಪರೇಷನ್ನೇ ಬೇಕಾಗುತ್ತದೆ, ಕೆಲವೊಮ್ಮೆ ಒಂದಕ್ಕಿಂತ ಜಾಸ್ತಿ. ಈ ಕಣ್ಣುಗಳ ಒಳಪದರದಲ್ಲೂ ಸಡಿಲ ರಕ್ತನಾಳ ಇರುವುದರಿಂದ ಆಪರೇಷನ್ ವೇಳೆ ರಕ್ತಸ್ರಾವದ, ನೀರು ತುಂಬುವ ಅಪಾಯ ಉಳಿದವರಿಗಿಂತ ಹೆಚ್ಚು. ಅದಕ್ಕೇ ಅನುಭವ ಇರುವ ಕೈಗೆ ಕೊಡಿ ಎನ್ನುವುದು. ಇನ್ನೊಂದು ಮಾತು: ದೊಡ್ಡವರ ಗ್ಲಾಕೋಮಾಕ್ಕೆ ಕೊಡುವ ಬ್ರಿಮೋನಿಡಿನ್ ಹನಿಯನ್ನು ಹಸುಳೆಗಳಿಗೆ ಹಾಕಲೇಬಾರದು. ಉಸಿರು ನಿಧಾನವಾಗಿ ಮಗು ಜಡವಾಗಿಬಿಡುತ್ತದೆ. ಮನೆಯಲ್ಲಿ ಹಿರಿಯರ ಹನಿಬಾಟಲಿ ಇದ್ದರೆ ದೂರ ಇಡಿ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಗು ಬಂದಿತ್ತು, ಫಿಟ್ಸ್ ನಿಲ್ಲಿಸುವುದೇ ದೊಡ್ಡ ಸಾಹಸವಾಗಿತ್ತು. ಮಾತ್ರೆ ಬದಲಿಸಿ, ಡೋಸ್ ಏರಿಸಿ, ಕೊನೆಗೆ ಫಿಟ್ಸ್ ನಿಂತಿತು. ಎಲ್ಲರೂ ಉಸಿರುಬಿಟ್ಟೆವು. ಆ ಗಡಿಬಿಡಿಯಲ್ಲಿ ಕಣ್ಣಿನ ತಪಾಸಣೆ ಆರು ತಿಂಗಳು ತಪ್ಪಿಹೋಗಿದ್ದನ್ನು ನಾನು ಕೇಳಲೇ ಇಲ್ಲ. ಗೊತ್ತಾಗುವಷ್ಟರಲ್ಲಿ ಆ ಕಣ್ಣಿನ ನರ ಅರ್ಧದಷ್ಟು ಹೋಗಿತ್ತು. ಅಂದಿನಿಂದ ಇಂಥ ಮಗು ಬಂದರೆ ನನ್ನ ಮೊದಲ ಪ್ರಶ್ನೆ ‘ಕಣ್ಣು ಯಾವಾಗ ತೋರಿಸಿದ್ರಿ?’

ಈಗ ನಿಮ್ಮ ನಿದ್ದೆ ಕೆಡಿಸಿದ ಮೆದುಳು. ಸ್ಟರ್ಜ್-ವೆಬರ್‌ನಲ್ಲಿ ಮೆದುಳಿನ ಮೇಲಿನ ತೆಳು ಪೊರೆಯಲ್ಲಿ, ಹೆಚ್ಚಾಗಿ ಹಿಂಭಾಗದಲ್ಲಿ, ಮಚ್ಚೆ ಇರುವ ಕಡೆಯೇ, ಈ ಸಡಿಲ ನಾಳಗಳ ಜಾಲ ಇರುತ್ತದೆ. ಅಲ್ಲಿಂದ ರಕ್ತ ಸಲೀಸಾಗಿ ವಾಪಸ್ ಹರಿಯುವುದಿಲ್ಲ. ಕೆಳಗಿನ ಮೆದುಳಿಗೆ ಆಮ್ಲಜನಕ ಸಾಕಾಗುವುದಿಲ್ಲ. ವರ್ಷಗಳು ಕಳೆದಂತೆ ಆ ಭಾಗ ಸೊರಗಿ ಸುಣ್ಣದಂಶ ಕೂರುತ್ತದೆ. ಇದರ ನಡುವೆ ಫಿಟ್ಸ್ ಬಂದರೆ ಮೆದುಳಿನ ಆಮ್ಲಜನಕದ ಬೇಡಿಕೆ ಇದ್ದಕ್ಕಿದ್ದಂತೆ ಏರುತ್ತದೆ, ಪೂರೈಕೆ ಮಾತ್ರ ಇದ್ದಷ್ಟೇ. ಫಿಟ್ಸ್‌ನಿಂದ ಹಾನಿ, ಹಾನಿಯಿಂದ ಮತ್ತೆ ಫಿಟ್ಸ್. ಈ ಸುತ್ತನ್ನು ಮುರಿಯುವುದೇ ನಮ್ಮ ಚಿಕಿತ್ಸೆಯ ಸಾರ. ಮೆದುಳಿನ ಒಂದು ಕಡೆ ಜಾಲ ಇರುವ ಮಕ್ಕಳಲ್ಲಿ 100ಕ್ಕೆ 75–80 ಮಕ್ಕಳಿಗೆ ಫಿಟ್ಸ್ ಬರುತ್ತದೆ, ಬಹುಪಾಲು ಮೊದಲ ವರ್ಷದಲ್ಲೇ. ನಿಮ್ಮ ಮಗಳು ಆ ಕಿಟಕಿಯ ಒಳಗಿದ್ದಾಳೆ. ಅದಕ್ಕೇ ಫಿಟ್ಸ್ ಹೇಗಿರುತ್ತದೆ ಎಂದು ಈಗಲೇ ತಿಳಿದಿರಲಿ.

ಸಿನಿಮಾದಲ್ಲಿ ತೋರಿಸುವ ಹಾಗೆ ಮೈಯೆಲ್ಲ ಅದುರಿ ಬಾಯಲ್ಲಿ ನೊರೆ ಬರಲೇಬೇಕು ಅಂತಿಲ್ಲ. ಒಬ್ಬ ತಂದೆ ಫೋನಿನಲ್ಲಿ ನಲವತ್ತು ಸೆಕೆಂಡಿನ ವಿಡಿಯೋ ತಂದಿದ್ದರು. ಮಗು ಮಲಗಿದೆ, ಕಣ್ಣು ತೆರೆದಿದೆ. ಎಡಗೈ ಹೆಬ್ಬೆರಳು ಮಾತ್ರ ಟಿಕ್, ಟಿಕ್, ಟಿಕ್ ಎಂದು ಒಂದೇ ತಾಳದಲ್ಲಿ ಮಡಚಿಕೊಳ್ಳುತ್ತಿದೆ. ಕೊನೆಗೆ ಕಣ್ಣು ಎಡಕ್ಕೆ ಸರಿದು ನಿಂತಿತು. ಅಷ್ಟೇ. ‘ಇದೇನೂ ಇಲ್ಲ ಅಂತ ಎಲ್ಲರೂ ಅಂದರು ಸರ್, ಆದ್ರೂ ತಂದೆ’ ಅಂದರು. ಅದು ಫಿಟ್ಸೇ ಆಗಿತ್ತು. ಮಚ್ಚೆ ಬಲಗಡೆ ಇದ್ದರೆ ಫಿಟ್ಸ್, ಬಲಹೀನತೆ ಎಡಗಡೆ ಕಾಣುತ್ತದೆ. ಅದುರುತ್ತಿರುವ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಬರೀ ಬೆಚ್ಚುವಿಕೆಯಾದರೆ ನಿಲ್ಲುತ್ತದೆ, ಫಿಟ್ಸ್ ಆದರೆ ನಿಮ್ಮ ಕೈಯೊಳಗೂ ಮಿಡಿಯುತ್ತಲೇ ಇರುತ್ತದೆ. ನೆಟ್ಟ ನೋಟ, ತುಟಿ ಚಪ್ಪರಿಸುವುದು, ಇದ್ದಕ್ಕಿದ್ದಂತೆ ಮೈ ಸಡಿಲವಾಗುವುದು, ಇವೂ ಇರಬಹುದು. ಅನುಮಾನ ಬಂದರೆ ವಿಡಿಯೋ ಮಾಡಿ. ಹತ್ತು ನಿಮಿಷದ ವಿವರಣೆಗಿಂತ ಅದು ನಮಗೆ ಹೆಚ್ಚು ಹೇಳುತ್ತದೆ.

ಇನ್ನೊಂದು ಗುರುತು ತುಂಬ ಜನ ತಪ್ಪಿ ಓದುತ್ತಾರೆ. ಏಳೆಂಟು ತಿಂಗಳ ಮಗುವಿನ ಎಡಗಡೆ ಬೀಗದ ಕೈಗೊಂಚಲು ಹಿಡಿದು ಅಲ್ಲಾಡಿಸಿ. ಎಡಗೈ ಪಕ್ಕದಲ್ಲೇ ಇದ್ದರೂ ಬಲಗೈಯನ್ನೇ ಎದೆ ದಾಟಿಸಿ ತಂದು ಹಿಡಿದರೆ, ಪ್ರತಿ ಸಲವೂ ಹಾಗೇ ಮಾಡಿದರೆ, ‘ನಮ್ಮ ಮಗು ಈಗಲೇ ಬಲಗೈ’ ಎಂದು ಸಂತೋಷಪಡಬೇಡಿ. ಒಂದು ವರ್ಷದೊಳಗೆ ಮಕ್ಕಳು ಎರಡೂ ಕೈ ಸಮನಾಗಿ ಬಳಸಬೇಕು. ಒಂದನ್ನು ಬಿಟ್ಟರೆ ಆ ಕೈಯಲ್ಲಿ ಬಲ ಕಡಿಮೆ ಇದೆ ಎಂದರ್ಥ.

ಫಿಟ್ಸ್ ಬಂದೇಬಿಟ್ಟರೆ: ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ. ಮೊದಲ ಸಲ ಎಷ್ಟೇ ಚಿಕ್ಕದಿದ್ದರೂ ಆಸ್ಪತ್ರೆಗೆ ಹೋಗಿ. ಐದು ನಿಮಿಷ ದಾಟಿದರೆ ಅದು ತುರ್ತು ಪರಿಸ್ಥಿತಿ. ಈ ರೋಗದಲ್ಲಿ ಫಿಟ್ಸ್ ಒಂದರ ಹಿಂದೆ ಒಂದು ಬರುವುದೂ ಬಹಳ ಹೊತ್ತು ಎಳೆಯುವುದೂ ಇದೆ. ರೋಗ ಖಚಿತವಾದ ಮಕ್ಕಳ ಮನೆಯಲ್ಲಿ ಮೂಗಿಗೆ ಅಥವಾ ಕೆನ್ನೆಯ ಒಳಗೆ ಹಾಕುವ, ಫಿಟ್ಸ್ ನಿಲ್ಲಿಸುವ ಮಿಡಾಜೋಲಮ್ ಔಷಧಿ ಇಟ್ಟುಕೊಳ್ಳಲು ಹೇಳುತ್ತೇವೆ. ನಿಮ್ಮ ಡಾಕ್ಟರ ಹತ್ತಿರ ಈ ಬಗ್ಗೆ ಕೇಳಿ. ಜ್ವರ ಬಂದರೆ ಬೇಗ ಇಳಿಸಿ. ವಾಂತಿಭೇದಿಯಲ್ಲಿ ಮೈಯ ನೀರು ಆರಲು ಬಿಡಬೇಡಿ. ಲಸಿಕೆಗಳನ್ನು ಹೆದರಿ ನಿಲ್ಲಿಸಬೇಡಿ, ಲಸಿಕೆ ತಪ್ಪಿಸಿ ಬರುವ ರೋಗದ ಜ್ವರ ಇನ್ನೂ ದೊಡ್ಡದು.

ಎಂಆರ್‌ಐ ಈಗಲೇ ಬೇಕೇ? ಇಲ್ಲಿ ನಾವು ವೈದ್ಯರೇ ಒಂದೇ ಮಾತು ಹೇಳುವುದಿಲ್ಲ. ಫಿಟ್ಸ್ ಬಂದಿದ್ದರೆ, ಕೈ ಬಲ ಕಡಿಮೆ ಇದ್ದರೆ ಚರ್ಚೆಯೇ ಇಲ್ಲ, ಕೂಡಲೇ ಮಾಡಿಸಬೇಕು. ಏನೂ ಲಕ್ಷಣವಿಲ್ಲದ ನಿಮ್ಮ ಮಗಳಂಥವರಲ್ಲಿ ಎರಡು ದಾರಿ. ಒಂದು, ಈಗಲೇ ರಕ್ತನಾಳಕ್ಕೆ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ನಾಳ ಎದ್ದು ಕಾಣುವಂತೆ ಮಾಡುವ ದ್ರವ) ಕೊಟ್ಟು ಎಂಆರ್‌ಐ ಮಾಡುವುದು. ಜಾಲ ಕಂಡರೆ ಫಿಟ್ಸ್ ಬರುವ ಮೊದಲೇ ತಯಾರಾಗಬಹುದು. ಕೆಲವು ತಜ್ಞರು ಆಗಲೇ ಔಷಧಿ ಶುರು ಮಾಡುತ್ತಾರೆ. ಆದರೆ ನಾಲ್ಕು ತಿಂಗಳಿಗೆ ಅರಿವಳಿಕೆ ಬೇಕಾಗಬಹುದು. ಮತ್ತು ಮೊದಲ ತಿಂಗಳುಗಳಲ್ಲಿ ಜಾಲ ಇದ್ದರೂ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ‘ನಾರ್ಮಲ್’ ಎಂಬ ರಿಪೋರ್ಟ್ ಹಿಡಿದು ಮೈಮರೆತು ಕೂರುವುದು ಇದರ ಅಪಾಯ. ಎರಡನೆಯದು, ಲಕ್ಷಣಗಳನ್ನು ಕಾಯುತ್ತಾ ಒಂದು ವರ್ಷ ತುಂಬಿದ ಮೇಲೆ ಮಾಡುವುದು. ಆಗ ಬರುವ ‘ನಾರ್ಮಲ್’ ರಿಪೋರ್ಟ್ ಹೆಚ್ಚು ನಂಬಬಹುದಾದದ್ದು. ಆದರೆ ಅಷ್ಟು ತಿಂಗಳು ಅನಿಶ್ಚಿತತೆಯಲ್ಲಿ ಬದುಕಬೇಕು.

ನಾನಾದರೆ ಮಚ್ಚೆ ಹಣೆಯ ಬಹುಭಾಗ ಆವರಿಸಿದ್ದರೆ, ಮನೆಯಿಂದ ಮಕ್ಕಳ ನರರೋಗ ತಜ್ಞರು ದೂರ ಇದ್ದರೆ ಈಗಲೇ ಮಾಡಿಸಿ ಅನ್ನುವ ಕಡೆ ವಾಲುತ್ತೇನೆ. ಸಣ್ಣ ಮಚ್ಚೆಯಾಗಿದ್ದು, ಕರೆದರೆ ಸಿಗುವ ಡಾಕ್ಟರ್ ಇದ್ದರೆ ಕಾಯಬಹುದು. ಕಾಯುವುದಾದರೆ ‘ನೋಡೋಣ’ ಅಂತ ಕಾಯಬೇಡಿ. ಯಾವ ತಾರೀಖಿಗೆ ಏನು ನೋಡುತ್ತೀರಿ ಎಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಸಿಟಿ ಸ್ಕ್ಯಾನ್ ಈ ವಯಸ್ಸಿನಲ್ಲಿ ಬೇಡ. ಅದು ತೋರಿಸುವ ಸುಣ್ಣದ ಗೆರೆಗಳು ಹಸುಳೆಯಲ್ಲಿ ಸಾಮಾನ್ಯವಾಗಿ ಇನ್ನೂ ಬಂದಿರುವುದೇ ಇಲ್ಲ, ವಿಕಿರಣ ಮಾತ್ರ ಲೆಕ್ಕಕ್ಕೆ.

ಮೆದುಳಿನ ಜಾಲ ಇದೆ ಎಂದಾದರೆ ಫಿಟ್ಸ್ ಔಷಧಿಗಳಿವೆ. ಜೊತೆಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಹಲವರು ತೀರಾ ಕಡಿಮೆ ಡೋಸಿನ ಆಸ್ಪಿರಿನ್ ಕೊಡುತ್ತೇವೆ. ಇಂಟರ್ನೆಟ್ ಓದಿ ನೀವೇ ಶುರು ಮಾಡುವ ವಸ್ತು ಇದಲ್ಲ. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದಾಗ ಆಸ್ಪಿರಿನ್ ಮೈಯಲ್ಲಿದ್ದರೆ ರೈ ಸಿಂಡ್ರೋಮ್ ಎಂಬ, ಲಿವರು ಮತ್ತು ಮೆದುಳನ್ನು ಕೆಡಿಸುವ ಅಪರೂಪದ ಕಾಯಿಲೆ ಬರಬಹುದು. ಆ ಎರಡರ ಲಸಿಕೆ ಈ ಮಕ್ಕಳಿಗೆ ಮುಖ್ಯ. ಔಷಧಿಗೆ ಬಗ್ಗದ ಫಿಟ್ಸ್‌ಗೆ, ಕೆಟ್ಟ ಭಾಗವನ್ನು ಉಳಿದ ಮೆದುಳಿನಿಂದ ಬೇರ್ಪಡಿಸುವ ದೊಡ್ಡ ಆಪರೇಷನ್ ಇದೆ. ಅದರ ಬೆಲೆಯಾಗಿ ಒಂದು ಕೈಯ ನಯವಾದ ಚಲನೆ, ನೋಟದ ಒಂದು ಪಕ್ಕ ಹೋಗುತ್ತದೆ. ಎಷ್ಟೋ ಮಕ್ಕಳಲ್ಲಿ ಅವು ಆಗಲೇ ಹೋಗಿರುತ್ತವೆ. ಆ ಮಾತು ನಿಮಗೆ ಬರಬಹುದು, ಬಾರದಿರಬಹುದು. ಇವತ್ತಿಗೆ ಅದರ ಚಿಂತೆ ಬೇಡ. ಸ್ಟರ್ಜ್-ವೆಬರ್ ಇದ್ದೂ ಓದಿ, ಕೆಲಸ ಹಿಡಿದು, ಸಂಸಾರ ಮಾಡಿಕೊಂಡಿರುವವರಿದ್ದಾರೆ. ಮಾತು, ನಡಿಗೆ, ಕಲಿಕೆಯಲ್ಲಿ ತುಂಬ ಕಷ್ಟಪಡುವವರೂ ಇದ್ದಾರೆ. ಮೆದುಳಿನ ಎಷ್ಟು ಭಾಗ, ಒಂದು ಕಡೆಯೋ ಎರಡೂ ಕಡೆಯೋ, ಫಿಟ್ಸ್ ಎಷ್ಟು ಬೇಗ ಶುರುವಾಯಿತು, ಎಷ್ಟು ಹಿಡಿತಕ್ಕೆ ಬಂತು, ಇವುಗಳ ಮೇಲೆ ಹೋಗುತ್ತದೆ.

ಲೇಸರ್ ಬಗ್ಗೆ. ರಕ್ತ ಮೆದುಳಿಗೆ ನುಗ್ಗುತ್ತದೆ ಎನ್ನುವುದು ಸುಳ್ಳು. ಪಲ್ಸ್‌ಡ್ ಡೈ ಲೇಸರ್ ಎನ್ನುವ ಈ ಹಳದಿ ಬೆಳಕನ್ನು (ತರಂಗಾಂತರ 595 ನ್ಯಾನೋಮೀಟರ್ ಆಸುಪಾಸು) ಚರ್ಮದ ರಕ್ತದ ಕೆಂಪು ಅಂಶ ಹೀರಿಕೊಂಡು ಬಿಸಿಯಾಗಿ ಆ ನಾಳ ಮುಚ್ಚಿಕೊಳ್ಳುತ್ತದೆ. ಅದು ಹೋಗುವ ಆಳ ಒಂದೆರಡು ಮಿಲಿಮೀಟರ್, ತಲೆಬುರುಡೆಯ ಒಳಗಿನ ನಾಳಗಳಿಗೂ ಅದಕ್ಕೂ ಸಂಬಂಧವಿಲ್ಲ. ಅಂದರೆ ಕಣ್ಣಿಗೆ ಕವಚ ಹಾಕಿ ಮಾಡಿದರೆ ಲೇಸರ್‌ನಿಂದ ಮೆದುಳು, ಕಣ್ಣು ಕೆಡುವುದೂ ಇಲ್ಲ, ಸರಿಹೋಗುವುದೂ ಇಲ್ಲ. ಒಂದು ಸಲಕ್ಕೆ ಮುಗಿಯುವುದಿಲ್ಲ, ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಬೇಕು. ಪ್ರತಿ ಸಲ ಒಂದೆರಡು ವಾರ ನೇರಳೆಯಾಗಿ ಕಂದಿದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಹೆಚ್ಚಿನವರಲ್ಲಿ ಬಣ್ಣ ತಿಳಿಯಾಗುತ್ತದೆ. ಪೂರ್ತಿ ಅಳಿಸಿಹೋಗುವುದು ಕೆಲವರಲ್ಲಿ ಮಾತ್ರ. ವರ್ಷಗಳಾದ ಮೇಲೆ ಮತ್ತೆ ಸ್ವಲ್ಪ ಕಪ್ಪಾಗಬಹುದು. ಚರ್ಮದ ಬಣ್ಣ ಗಾಢವಿದ್ದರೆ ಅದೂ ಬೆಳಕು ಹೀರುವುದರಿಂದ ಕಲೆ ಉಳಿಯುವ ಅಪಾಯ ಹೆಚ್ಚು, ಶಕ್ತಿ ಕಡಿಮೆ ಇಟ್ಟು, ತಂಪು ಮಾಡುತ್ತಾ ಮಾಡಬೇಕು.

ಬೇಗ ಶುರುಮಾಡಿದರೆ ಚರ್ಮ ತೆಳುವಿರುತ್ತದೆ, ಮಚ್ಚೆಯೂ ಚಿಕ್ಕದಿರುತ್ತದೆ. ಫಲ ಚೆನ್ನಾಗಿ ಸಿಗುತ್ತದೆ. ಸುಮ್ಮನೆ ಬಿಟ್ಟರೆ ನಡುವಯಸ್ಸಿಗೆ ಹಲವರಲ್ಲಿ ದಪ್ಪಗಾಗಿ ಗಂಟುಗಳೇಳುತ್ತವೆ, ತಾಗಿದರೆ ರಕ್ತ ಬರುತ್ತದೆ. ಇನ್ನೊಂದು ಕಡೆ, ಮೂರು ವರ್ಷದೊಳಗೆ ಮತ್ತೆ ಮತ್ತೆ ಪೂರ್ಣ ಅರಿವಳಿಕೆ ಕೊಡುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕೆಲವು ಕಡೆ ಹಸುಳೆಗಳಿಗೆ ಅರಿವಳಿಕೆಯಿಲ್ಲದೆ, ಬಟ್ಟೆಯಲ್ಲಿ ಸುತ್ತಿ ಹಿಡಿದು, ಕಣ್ಣಿಗೆ ಲೋಹದ ಕವಚ ಹಾಕಿ ಬೇಗ ಬೇಗ ಮುಗಿಸುತ್ತಾರೆ. ನಿಮಗೆ ಸಿಗುವ ಚರ್ಮರೋಗ ತಜ್ಞರು ಹೇಗೆ ಮಾಡುತ್ತಾರೆ ಎಂದು ಮೊದಲೇ ಕೇಳಿ. ಮುಲಾಮು, ಎಣ್ಣೆ, ಉಜ್ಜುವುದು ಯಾವುದೂ ಈ ಮಚ್ಚೆಯನ್ನು ತೆಗೆಯುವುದಿಲ್ಲ.

ಮುಂದಿನ ಮಗುವಿಗೆ ಬರುವ ಸಾಧ್ಯತೆ ಬೇರೆ ಯಾರ ಮಗುವಿಗೆ ಎಷ್ಟಿದೆಯೋ ಅಷ್ಟೇ. ತಪ್ಪು ನಿಮ್ಮಲ್ಲೂ ಇಲ್ಲ, ನಿಮ್ಮ ಹೆಂಡತಿಯಲ್ಲೂ ಇಲ್ಲ, ನಿಮ್ಮ ಮಗಳ ಎಲ್ಲ ಜೀವಕೋಶಗಳಲ್ಲೂ ಇಲ್ಲ. ನಾಳೆ ಅವಳಿಗೆ ಮಕ್ಕಳಾದರೂ ಈ ಸಿಂಡ್ರೋಮ್ ವಂಶದಲ್ಲಿ ಇಳಿಯುವುದಿಲ್ಲ.

ಕೊನೆಗೆ ಆ ಫೋಟೋ. ವಾರಕ್ಕೊಮ್ಮೆ ಎದುರಿನಿಂದ ಒಂದು ತೆಗೆಯಿರಿ. ಒಂದೇ ಜಾಗ, ಕಿಟಕಿಯ ಬೆಳಕು, ಎರಡೂ ಕಣ್ಣು ತೆರೆದಿರಲಿ, ಮುಖ ಪೂರ್ತಿ ಬರಲಿ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಹುಟ್ಟಿದ ವಾರದ್ದನ್ನೂ ಹುಡುಕಿ ತನ್ನಿ. ಬಲಗಣ್ಣು ಹಿಗ್ಗಿದೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಎಡಗಡೆಯಿಂದ ತೆಗೆದ ಫೋಟೋಗಳಲ್ಲಿ ನಾವು ನೋಡಬೇಕಾದ ಕಣ್ಣೇ ಇರುವುದಿಲ್ಲ, ಅಲ್ವಾ?